ಮದಾರಸಾಬನಿಗೆ ಮುಪ್ಪು ಮಂಜೂರಾದದ್ದು

ಸರ್ಕಾರದ ಪುಸ್ತಕದ ಪ್ರಕಾರ ಮದಾರಸಾಬನಿಗೆ ನಲವತ್ತೇಳು ವರ್ಷ. ಅವನ ಮೊಣಕಾಲುಗಳು ಆ ಪುಸ್ತಕವನ್ನು ಓದಿರಲಿಲ್ಲ.

ಅವನು ನಿಜಾಮ ಸರ್ಕಾರದ ಟಪ್ಪಾಲು ಹರಕಾರ. ಕೊಪ್ಪಳದಲ್ಲಿ ರೈಲಿನಿಂದ ಇಳಿದ ಟಪ್ಪಾಲಿನ ಚೀಲ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಬದಲಾಗುತ್ತ ಕುಷ್ಟಗಿಯ ದಾರಿ ಹಿಡಿಯುತ್ತಿತ್ತು. ಇರಕಲ್ಲಗಡದ ಚೌಕಿಯವರೆಗೆ ಅದನ್ನು ತರುವವನು ಓಬಳೆಪ್ಪ. ಅಲ್ಲಿಂದ ಏಳು ಮೈಲಿ ಆಚೆಯ ಟಪ್ಪಾಲು ಕಚೇರಿಗೆ ಮುಟ್ಟಿಸುವವನು ಮದಾರಸಾಬ. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ಹೆಗಲ ಮೇಲೆ ಅರಗಿನ ಮುದ್ರೆ ಒತ್ತಿದ ಚೀಲ. ನಡೆಯುವಂತಿಲ್ಲ, ಓಡಬೇಕು. ಇಪ್ಪತ್ತೊಂಬತ್ತು ವರ್ಷ ಓಡಿದ್ದ. ಆ ಲೆಕ್ಕದಲ್ಲಿ ಅವನು ಎಷ್ಟೋ ಸಲ ಹೈದರಾಬಾದಿಗೆ ಹೋಗಿ ಬರಬಹುದಿತ್ತು. ಹೋದದ್ದು ಮಾತ್ರ ಅದೇ ಏಳು ಮೈಲಿ.

ಐವತ್ತೈದಕ್ಕೆ ನೌಕರಿಯಿಂದ ಬಿಡಿಸಿ ವಜೀಫಾ ಎಂಬ ಪಿಂಚಣಿ ಕೊಡುವುದು ಸರ್ಕಾರದ ಕಾಯ್ದೆ. ಮದಾರಸಾಬ ಹುಟ್ಟಿದ ಸನ್ನು ೧೩೦೩. ಅದು ಹಿಜರಿ. ಅವನ ಅಪ್ಪ ದರ್ಗಾದ ಮುಜಾವರನ ಕೈಯಿಂದ ಒಂದು ಚೀಟಿಯ ಮೇಲೆ ಬರೆಸಿ ಇಟ್ಟಿದ್ದ. ಆದರೆ ಕಚೇರಿಯಲ್ಲಿ ನಡೆಯುವುದು ಫಸಲಿ ಸನ್ನು, ಹಿಜರಿಗಿಂತ ಎಂಟೊಂಬತ್ತು ವರ್ಷ ಹಿಂದಿರುವ ಕಂದಾಯದ ಲೆಕ್ಕ. ನೌಕರಿಗೆ ಸೇರಿಸಿಕೊಂಡ ದಿನ ಆಗಿನ ಮುನ್ಶಿ ಚೀಟಿ ನೋಡಿದ, ೧೩೦೩ ಎಂಬುದನ್ನು ಎತ್ತಿ ಫಸಲಿಯ ಕಾಲಮ್ಮಿನಲ್ಲಿ ಕೂರಿಸಿದ. ಆಗ ನಡೆಯುತ್ತಿದ್ದದ್ದು ಫಸಲಿ ೧೩೨೧. ಕಳೆದು ನೋಡಿದರೆ ಹದಿನೆಂಟು. ಎದುರಿಗೆ ನಿಂತವನಿಗೆ ಪೊದೆ ಮೀಸೆ ಇತ್ತು, ಮನೆಯಲ್ಲಿ ನಡೆದಾಡುವ ಮಗಳಿದ್ದಳು. ಮುನ್ಶಿ ಮೀಸೆಯನ್ನು ನೋಡಲಿಲ್ಲ, ಕಾಲಮ್ಮನ್ನು ನೋಡಿದ. ಇಪ್ಪತ್ತು ದಾಟಿದವರನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ಕಾಯ್ದೆ ಇತ್ತಾದ್ದರಿಂದ ಮದಾರಸಾಬನೂ ಬಾಯಿ ಬಿಡದೆ ಹೆಬ್ಬೆಟ್ಟು ಒತ್ತಿದ. ಒಂಬತ್ತು ವರ್ಷ ಪುಕ್ಕಟೆ ಸಿಕ್ಕಿತೆಂದು ಆ ದಿನ ಮನೆಗೆ ಬೆಲ್ಲ ಒಯ್ದಿದ್ದ.

ಈಗ ಫಸಲಿ ೧೩೫೦. ಚಂದ್ರನ ಲೆಕ್ಕದಲ್ಲಿ ಅವನಿಗೆ ಐವತ್ತೇಳು, ಸೂರ್ಯನ ಲೆಕ್ಕದಲ್ಲಿ ಐವತ್ತೈದು, ಸರ್ಕಾರದ ಲೆಕ್ಕದಲ್ಲಿ ನಲವತ್ತೇಳು. ಇನ್ನೂ ಎಂಟು ವರ್ಷ ಓಡಬೇಕು.

ಎಂಟು ವರ್ಷವಲ್ಲ, ಎಂಟು ತಿಂಗಳು ಓಡುವುದೂ ಆಗದ ಮಾತು ಎಂದು ಅವನಿಗೆ ಗೊತ್ತಿತ್ತು. ನಾಲ್ಕನೆಯ ಮೈಲಿಯಲ್ಲಿ ಒಂದು ದಿನ್ನೆ ಇದೆ. ಅದನ್ನು ಹತ್ತುವಾಗ ಉಸಿರು ಎದೆಯೊಳಗೆ ಇಳಿಯಲು ಒಪ್ಪುತ್ತಿರಲಿಲ್ಲ, ಗಂಟಲಲ್ಲೇ ನಿಂತು ವಾಪಸಾಗುತ್ತಿತ್ತು. ಇಳಿಯುವಾಗ ಮೊಣಕಾಲಿನ ಚಿಪ್ಪಿನ ಕೆಳಗೆ ಉಸುಕು ಹಾಕಿ ತಿಕ್ಕಿದಂತೆ ಆಗುತ್ತಿತ್ತು. ಐದಾರು ವರ್ಷ ಅವನು ಇದನ್ನು ಮುಚ್ಚಿಟ್ಟುಕೊಂಡು ಬಂದಿದ್ದ. ದಿನ್ನೆಯಲ್ಲಿ ಕಳೆದುಕೊಂಡದ್ದನ್ನು ಬಯಲಿನಲ್ಲಿ ಗಳಿಸುವುದು, ಹೊಲದ ಬದುವಿನ ಮೇಲೆ ಹಾದು ದಾರಿ ಉಳಿಸುವುದು, ಹೀಗೆ. ಈ ಬೇಸಿಗೆಯಲ್ಲಿ ಬಯಲೂ ಕೈಕೊಟ್ಟಿತು. ಎರಡು ಸಲ ತಡವಾಯಿತು. ಕಚೇರಿಯ ಮುನ್ಶಿ ಫಕ್ರುದ್ದೀನ ಎರಡೂ ಸಲ ‘ಕಾರಣ’ ಎಂಬಲ್ಲಿ ‘ಸೋಮಾರಿತನ’ ಎಂದು ಬರೆದ. ವರ್ಷದಲ್ಲಿ ಮೂರು ಸಲ ಸೋಮಾರಿಯಾದವನನ್ನು ಕೆಲಸದಿಂದ ತೆಗೆದುಹಾಕುತ್ತಾರೆ. ತೆಗೆದುಹಾಕಿದವನಿಗೆ ವಜೀಫಾ ಇಲ್ಲ. ಅಂದರೆ ಮೂರನೆಯ ತಡ ಆಗುವುದರೊಳಗೆ ಅವನು ಮುದುಕನಾಗಬೇಕಿತ್ತು.

“ಮುನ್ಶೀಜಿ, ಅದು ಹಿಜರಿ ಸನ್ರಿ. ಫಸಲಿ ಅಲ್ರಿ,” ಎಂದು ಅವನು ಮೊದಲ ಸಲ ಬಾಯಿ ಬಿಟ್ಟ.

ಫಕ್ರುದ್ದೀನ ಪುಸ್ತಕವನ್ನು ತೋಳಿನಷ್ಟು ದೂರ ಹಿಡಿದು ನೋಡಿದ. ಹತ್ತಿರದ ಅಕ್ಷರ ಅವನಿಗೆ ಕಾಣುತ್ತಿರಲಿಲ್ಲ. ಅದನ್ನು ಅವನು ದರ್ಬಾರಿ ಠೀವಿ ಎಂದು ಹೇಳಿಕೊಳ್ಳುತ್ತಿದ್ದ.

“ಇಷ್ಟು ವರ್ಷ ಎಲ್ಲಿ ಮಲಗಿತ್ತಲೇ ನಿನ್ನ ಹಿಜರಿ?”

“ಆಗ ಹೇಳಿದ್ರ ನೌಕರಿ ಸಿಗ್ತಿದ್ದಿಲ್ರಿ.”

“ಈಗ ಹೇಳಿದ್ರ ವಜೀಫಾ ಸಿಗತೈತಿ ಅಂತ ಯಾರು ಹೇಳ್ಯಾರ? ಚೀಟಿ ಎಲ್ಲೈತಿ?”

“ಗೆದ್ದಲು ತಿಂದೈತ್ರಿ.”

“ಗೆದ್ದಲಾನ ಸಾಕ್ಷಿಗೆ ಕರಕೊಂಡು ಬಾ ಹಂಗಾದ್ರ.” ಮುನ್ಶಿ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ, ನಕ್ಕ ಮೇಲೆ ಏನಾದರೂ ಕೊಡಬೇಕಲ್ಲ ಎಂದು, “ಕಾಗದ ಇಲ್ಲಂದ್ರ ಮೈ ಐತಲ್ಲ. ಇರಕಲ್ಲಗಡಕ್ಕ ಪ್ಲೇಗಿನ ಡಾಕ್ಟರ್ ಬಂದಾರ. ಅವರು ನಿನ್ನ ಮೈ ನೋಡಿ ವಯಸ್ಸು ಬರಕೊಡ್ಲಿ. ಅವರು ಬರದ್ರ ನಾ ಮ್ಯಾಲಿನ ಕಚೇರಿಗೆ ಕಳಸ್ತೀನಿ,” ಎಂದ.

ಇರಕಲ್ಲಗಡದ ಹೊರಗೆ ಹುಣಸೆಮರದ ಕೆಳಗೆ ಡಾಕ್ಟರರ ಡೇರೆ ಇತ್ತು. ರಾಯಚೂರು ಕಡೆಯ ಹುಡುಗ, ಹೈದರಾಬಾದಿನಲ್ಲಿ ಓದಿ ಎರಡು ವರ್ಷವಾಗಿತ್ತು. ಹದಿನೈದು ದಿನದಿಂದ ಜನರ ಕಾಲಿನಿಂದ ನಾರುಹುಣ್ಣಿನ ಹುಳ ಎಳೆದು ಎಳೆದು ಬೇಸತ್ತಿದ್ದರು. ವಯಸ್ಸು ಕಂಡುಹಿಡಿಯಬೇಕು ಎಂದ ಕೂಡಲೆ ಅವರ ಮುಖ ಅರಳಿತು. ಪೆಟ್ಟಿಗೆಯಿಂದ ದಪ್ಪ ಪುಸ್ತಕವೊಂದು ಹೊರಬಂತು.

“ನನ್ನ ಕೂದಲಾ ನೋಡ್ರಿ ಸಾಹೇಬ್ರ, ಒಂದು ಕರೇದು ಇಲ್ಲ,” ಎಂದು ಮದಾರಸಾಬ ರುಮಾಲು ತೆಗೆದ.

“ಕೂದಲಿಂದ ಏನೂ ಗೊತ್ತಾಗೂದಿಲ್ಲಪ. ಬೇರಿನೊಳಗ ಬಣ್ಣ ಮಾಡೂ ಕೆಲಸ ನಿಂತ್ರ ಬೆಳ್ಳಗಾಗ್ತದ. ಕೆಲವ್ರಿಗೆ ಮೂವತ್ತಕ್ಕ ನಿಲ್ತದ. ಬಾಯಿ ತೆಗಿ.”

ಬಾಯಿ ತೆಗೆದ. ಹಲ್ಲುಗಳು ಸವೆದು ಮಟ್ಟಸವಾಗಿದ್ದವು. ಮದಾರಸಾಬನಿಗೆ ಹಲ್ಲಿನ ಮೇಲೆ ಬಹಳ ಭರವಸೆ ಇತ್ತು. ಡಾಕ್ಟರರು ದೀಪ ಹಿಡಿದು ನೋಡಿ, “ಮನ್ಯಾಗ ಜೋಳ ಎಲ್ಲಿ ಬೀಸ್ತೀರಿ?” ಎಂದರು.

“ಕಲ್ಲಾಗ್ರಿ. ಮತ್ತೆಲ್ಲಿ?”

“ರೊಟ್ಟಿಯೊಳಗ ಕಲ್ಲಿನ ಪುಡಿ ಬರ್ತದ. ಇದು ಬೀಸೂಕಲ್ಲು ಮಾಡಿದ ಕೆಲಸ, ವಯಸ್ಸಿಂದಲ್ಲ.”

ಅಂಗೈಯ ಹಿಂದಿನ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಅದು ಒದ್ದೆ ಬಟ್ಟೆಯ ಮಡಿಕೆಯಂತೆ ನಿಂತೇ ಇತ್ತು, ನಿಧಾನಕ್ಕೆ ಇಳಿಯಿತು. ಮದಾರಸಾಬ ಡಾಕ್ಟರರ ಮುಖ ನೋಡಿದ. ಅವರು ಅಂಗಿ ಎತ್ತಲು ಹೇಳಿ ಹೊಟ್ಟೆಯ ಚರ್ಮ ಚಿವುಟಿದರು. ಅದು ತಟ್ಟನೆ ಕುಳಿತುಕೊಂಡಿತು.

“ನೋಡು, ಕೈ ಬಿಸಿಲಿಗೆ ಹಣ್ಣಾಗ್ಯಾವ. ಹೊಟ್ಟಿ ಇನ್ನೂ ತರುಣ ಅದ.”

“ಓಡಾವು ಕಾಲ್ರಿ ಸಾಹೇಬ್ರ, ಹೊಟ್ಟಿ ಅಲ್ರಿ.”

ಸೂಜಿಗೆ ದಾರ ಪೋಣಿಸಲು ಕೊಟ್ಟರು. ಆಗಲಿಲ್ಲ. ಕಣ್ಣಿನ ಒಳಗಿನ ಮಸೂರ ವರ್ಷ ಹೋದಂತೆ ಬಿರುಸಾಗುತ್ತದೆ, ಹತ್ತಿರದ್ದಕ್ಕೆ ಬಾಗುವುದಿಲ್ಲ ಎಂದು ಡಾಕ್ಟರರು ವಿವರಿಸಿದರು. ಮದಾರಸಾಬನಿಗೆ ಖುಷಿಯಾಯಿತು. “ನಲವತ್ತೈದು ದಾಟಿದವ್ರಿಗೆಲ್ಲ ಹಿಂಗ,” ಎಂದು ಸೇರಿಸಿದರು. ಖುಷಿ ಇಳಿಯಿತು. ನಲವತ್ತೇಳೂ ನಲವತ್ತೈದನ್ನು ದಾಟಿಯೇ ಇತ್ತು.

ಕೊನೆಗೆ ನಾಡಿ. ಡಾಕ್ಟರರು ಗಡಿಯಾರ ಹಿಡಿದು ಎಣಿಸಿದರು, ನಂಬಿಕೆಯಾಗದೆ ಮತ್ತೆ ಎಣಿಸಿದರು. ನಿಮಿಷಕ್ಕೆ ಐವತ್ತು. ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಚೆಂಡು ಒತ್ತಿ, ಪಾದರಸ ಏರಿಸಿ ಇಳಿಸಿ ರಕ್ತದ ಒತ್ತಡ ನೋಡಿದರು. ಆಮೇಲೆ ಅವರಿಗೆ ಅವನ ಮೇಲೆ ಒಂದು ಥರದ ಗೌರವ ಬಂತು. “ನನ್ನ ನಾಡಿ ಎಪ್ಪತ್ತೆಂಟು ಅದ. ನಿನ್ನ ಎದಿ ಇಪ್ಪತ್ತೈದು ವರ್ಷದವಂದು ಇದ್ದಂಗ ಅದ, ಮಾರಾಯ. ಏನು ತಿಂತೀ?”

“ರೊಟ್ಟಿ ತಿಂತೀನ್ರಿ. ಕಲ್ಲಿನ ಪುಡೀದು.”

ಡಾಕ್ಟರರು ಬರೆದು ಓದಿ ಹೇಳಿದರು: ಪುಸ್ತಕದಲ್ಲಿರುವ ನಲವತ್ತೇಳು ಸರಿಯಾಗಿದೆ, ಇನ್ನೂ ಕಡಿಮೆ ಇದ್ದರೂ ಇರಬಹುದು. ಇಪ್ಪತ್ತೊಂಬತ್ತು ವರ್ಷ ನಿಯತ್ತಾಗಿ ಓಡಿದ್ದಕ್ಕೆ ಮೈ ಅವನಿಗೆ ಕೊಟ್ಟ ಬಹುಮಾನ ಅದು. ಕಚೇರಿಯಲ್ಲಿ ಕುಳಿತು ಬಿರಿಯಾನಿ ತಿಂದಿದ್ದರೆ ಇಷ್ಟೊತ್ತಿಗೆ ಎದೆ ಕೆಟ್ಟು, ಹೊಟ್ಟೆ ಜೋತು, ಸರಿಯಾಗಿ ಮುದುಕನಾಗಿರುತ್ತಿದ್ದ.

ಮನೆಗೆ ಬಂದು ಹೆಂಡತಿ ಇಮಾಮಬೀಗೆ ಹೇಳಿದ. ಅವಳು ಮೊಣಕಾಲಿಗೆ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟುತ್ತಿದ್ದಳು.

“ಕುಂದ್ರಿಸಿ ನೋಡಿದ್ರೇನು?”

“ಹೂಂ. ಕುರ್ಚಿ ಮ್ಯಾಲ. ಚಾ ಕೂಡ ಕೊಟ್ರು.”

“ಭಾಳ ಶ್ಯಾಣ್ಯಾ ಅದಾರ ಬಿಡ್ರಿ ನಿಮ್ಮ ಡಾಕ್ಟರು. ಎತ್ತು ಕೊಳ್ಳಾವ್ರು ಗ್ವಾದಲ್ಯಾಗ ಮೇಯಾಕ ಹತ್ತಿದ್ದ ಎತ್ತು ನೋಡಿ ರೊಕ್ಕ ಕೊಡ್ತಾರೇನು? ಗಾಡಿ ಕಟ್ಟಿ, ಗಾಲಿಗೆ ಹಗ್ಗ ಬಿಗಿದು, ಉಸುಕಿನಾಗ ಎಳಸಿ ನೋಡ್ತಾರ. ಎಳದ ಮ್ಯಾಲ ಎಷ್ಟೊತ್ತು ತೇಕತೈತಿ ಅಂತ ನೋಡ್ತಾರ. ನಮ್ಮಪ್ಪ ನವಲಿ ಸಂತಿಯೊಳಗ ಎಷ್ಟು ಎತ್ತು ಕೊಂಡಾನ, ಒಂದರ ಹಲ್ಲು ಎಣಿಸಿ ಕೊಂಡಾವಲ್ಲ.” ಎಲೆಯನ್ನು ಬಿಗಿದು ಗಂಟು ಹಾಕಿದಳು. “ಹೋಗ್ರಿ. ನಿಮ್ಮನ್ನ ಹೂಡಿ ನೋಡ್ರಿ ಅನ್ರಿ.”

ಅವಳು ಬಯ್ದದ್ದು. ಅವನಿಗೆ ಅದು ಉಪಾಯವಾಗಿ ಕೇಳಿಸಿತು.

ಡಾಕ್ಟರರಿಗೂ ಹಾಗೆಯೇ ಕೇಳಿಸಿತು. ಪುಸ್ತಕದಲ್ಲಿ ಹುಡುಕಿದರು; ಎತ್ತಿನ ಪರೀಕ್ಷೆ ಅದರಲ್ಲಿ ಇರಲಿಲ್ಲ. ಪುಸ್ತಕ ಮುಚ್ಚಿ, ಟಪ್ಪಾಲು ಇಲ್ಲದ ಶುಕ್ರವಾರ ಇಟ್ಟುಕೊಳ್ಳೋಣ ಎಂದರು. ಹೋಲಿಸಿ ನೋಡಲು ಇನ್ನೊಬ್ಬ ಬೇಕಾಗಿತ್ತು. ಓಬಳೆಪ್ಪ ಬಂದ. ಅವನಿಗೆ ಇಪ್ಪತ್ತಾರು, ಅವನ ಅವ್ವ ಅವನನ್ನು ಹಡೆದದ್ದು ಬಾವಿ ತೋಡಿದ ವರ್ಷ ಎಂದು ಊರೇ ಹೇಳುತ್ತಿತ್ತು, ಬಾವಿಯ ಕಟ್ಟೆಯ ಮೇಲೆ ಸನ್ನು ಕೆತ್ತಿತ್ತು.

“ಕಾಕಾ, ನಿಂಗ ವಯಸ್ಸಾತು ಅಂತ ತೋರ್ಸಾಕ ನಾ ಓಡಬೇಕನು?” ಎಂದ ಓಬಳೆಪ್ಪ. “ನಾ ಬೇಕಂತ ಹಿಂದ ಬಿದ್ರ?”

“ಬಿದ್ದಿ ಅಂದ್ರ ನಿನ್ನೂ ಮುದುಕ ಅಂತ ಬರೀತಾರ. ಓಡು ಸುಮ್ಮನ.”

ಇಬ್ಬರ ಹೆಗಲಿಗೂ ಉಸುಕು ತುಂಬಿದ ಚೀಲ ಕಟ್ಟಿದರು. ಎರಡು ಮೈಲಿ ಆಚೆಯ ಬೇವಿನಮರ ಮುಟ್ಟಿ ಡೇರೆಗೆ ವಾಪಸ್ಸು. ಊರ ಅರ್ಧ ಮಂದಿ ಸೇರಿದ್ದರು. ನಾರುಹುಣ್ಣಿನವರು ಸಹ ಹುಳ ಸುತ್ತಿದ ಕಡ್ಡಿ ಕಾಲಿಗೆ ಕಟ್ಟಿಕೊಂಡೇ ಸಾಲಾಗಿ ಕುಳಿತರು. ಇಬ್ಬರೂ ಹೆಚ್ಚು ಕಡಿಮೆ ಜೊತೆಗೇ ಬಂದರು. ಮದಾರಸಾಬನಿಗೆ ದಮ್ಮನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಎಂಬುದು ಗೊತ್ತಿತ್ತು. ಓಬಳೆಪ್ಪನಿಗೆ ಗೊತ್ತಿರುವ ಅಗತ್ಯವೇ ಇರಲಿಲ್ಲ.

ಡಾಕ್ಟರರು ಇಬ್ಬರ ನಾಡಿಯನ್ನೂ ಹಿಡಿದರು. ಓಬಳೆಪ್ಪನದು ನೂರಾ ತೊಂಬತ್ತರ ಹತ್ತಿರ. ಮದಾರಸಾಬನದು ನೂರಾ ಅರವತ್ತು.

“ಕಡಿಮಿ ಬಡದೈತಿ, ಮದಾರಸಾಬನೇ ಗೆದ್ದ!” ಎಂದು ಜನ ಕೂಗಿದರು. ಅವನಿಗೆ ಊರು ತನ್ನನ್ನು ಗೆಲ್ಲಿಸಿ ಸಾಯಿಸುತ್ತಿದೆ ಎನಿಸಿತು.

“ಇನ್ನೂ ಮುಗಿದಿಲ್ಲ. ಸುಮ್ಮನಿರ್ರಿ,” ಎಂದರು ಡಾಕ್ಟರರು.

ನಿಮಿಷ ನಿಮಿಷಕ್ಕೂ ಎಣಿಸಿ ಬರೆದುಕೊಳ್ಳತೊಡಗಿದರು. ಐದು ನಿಮಿಷಕ್ಕೆ ಓಬಳೆಪ್ಪ ಎದ್ದು ಬೀಡಿ ಕೇಳಿದ. ಹತ್ತು ನಿಮಿಷಕ್ಕೆ ಯಾರದೋ ಮದುವೆಯ ಸುದ್ದಿ ಹೇಳುತ್ತಿದ್ದ. ಮದಾರಸಾಬ ಕುಕ್ಕರಗಾಲಲ್ಲಿ ಕುಳಿತೇ ಇದ್ದ. ಅವನ ಕತ್ತಿನ ನರ ಅಂಗಳದ ಆಚೆಯವರಿಗೂ ಕಾಣುವಂತೆ ಬಡಿಯುತ್ತಿತ್ತು. ಇಪ್ಪತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ನೀರು ಕುಡಿಯಲು ಕೊಟ್ಟರೆ ಉಸಿರಿನ ನಡುವೆ ನುಂಗಲು ಜಾಗ ಸಿಗದೆ ಅಂಗಿಯ ಮೇಲೆ ಚೆಲ್ಲಿಕೊಂಡ. ಏಳು ಎಂದರೆ ಮೊಣಕಾಲು ಬಿಚ್ಚಲಿಲ್ಲ. ಓಬಳೆಪ್ಪ ಕಂಕುಳಿಗೆ ಕೈ ಹಾಕಿ ಎತ್ತಿದ.

ಡಾಕ್ಟರರು ತಮ್ಮ ಹಾಳೆಯಲ್ಲಿ ಇಬ್ಬರ ಲೆಕ್ಕವನ್ನೂ ಹೋಲಿಸಿ ನೋಡಿದರು. ಆಮೇಲೆ, ಯಾರಿಗೆ ಎಂದಿಲ್ಲದೆ, ಹೇಳಿದರು: “ಕುಂತಾಗ ಇಬ್ಬರೂ ಒಂದ. ಓಬಳೆಪ್ಪನ ಎದಿಗೆ ಇನ್ನೂ ಮ್ಯಾಲ ಹೋಗಾಕ ಜಾಗ ಅದ, ಕೆಳಗ ಇಳ್ಯಾಕ ದಾರಿ ಅದ. ಇವಂಗ ಅಷ್ಟು ಮ್ಯಾಲ ಹೋಗಾಕೂ ಆಗೂದಿಲ್ಲ, ಹೋದ್ರ ಇಳ್ಯಾಕೂ ಆಗೂದಿಲ್ಲ. ಮುಪ್ಪು ಅಂದ್ರ ಇದ. ಹೆಚ್ಚಿಗೀದು ತೀರಿರ್ತದ, ದಿನದ್ದಷ್ಟ ಉಳದಿರ್ತದ.”

“ಹೌದ್ರಿ,” ಎಂದ ಮದಾರಸಾಬ. ಅಷ್ಟು ಹೇಳಲು ಅವನು ಎರಡು ಸಲ ಉಸಿರು ತೆಗೆದುಕೊಂಡ.

ಹಳೆಯದನ್ನು ಹರಿದು ಹೊಸ ಕಾಗದದಲ್ಲಿ ಡಾಕ್ಟರರು ಬರೆದರು: ಈ ಮನುಷ್ಯನಿಗೆ ಐವತ್ತೈದಕ್ಕೆ ಕಡಿಮೆ ಇಲ್ಲ, ಓಡುವ ಕೆಲಸಕ್ಕೆ ದೇಹ ತಕ್ಕದ್ದಲ್ಲ. ಆದರೆ ಇಂಥ ಕಾಗದವನ್ನು ಅರ್ಜಿದಾರನ ಕೈಗೆ ಕೊಡುವಂತಿಲ್ಲ. ಲಕೋಟೆಗೆ ಹಾಕಿ, ಅರಗು ಹಚ್ಚಿ, ಟಪ್ಪಾಲಿನಲ್ಲೇ ಕಳಿಸಬೇಕು. ಮರುದಿನದ ಟಪ್ಪಾಲಿಗೆ ಹಾಕಿದರು. ಮರುದಿನದ ಟಪ್ಪಾಲನ್ನು ಒಯ್ಯುವವನು ಅರ್ಜಿದಾರನೇ.

ಶನಿವಾರ ಬೆಳಿಗ್ಗೆ ಓಬಳೆಪ್ಪ ಚೀಲ ತಂದಾಗ ಮದಾರಸಾಬ ಚೌಕಿಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ. ಎಡ ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು.

“ಕಾಕಾ, ಇದರಾಗ ನೀ ಓಡಿದಂಗ ಆತು. ಕೊಡು ಕೋಲು. ಇವತ್ತೊಂದಿನ ನಾನ ಒಯ್ತೀನಿ, ನೀ ಯಾವುದಾರ ಗಾಡಿ ಹತ್ತಿ ಬಾ. ಊರ ಹೊರಗ ಇಬ್ಬರೂ ಅದಲ ಬದಲ ಆಗೂಣು, ಮುನ್ಶಿಗೆ ಏನು ತಿಳೀತೈತಿ?”

ಮದಾರಸಾಬ ಕೋಲನ್ನು ಚಾಚಿದ. ಅರ್ಧಕ್ಕೆ ಕೈ ನಿಂತಿತು. ಓಬಳೆಪ್ಪ ಒಯ್ದರೆ ಚೀಲ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ. ಮುನ್ಶಿ ಮೊದಲು ‘ಸಮಯಕ್ಕೆ ಬಂದಿದೆ’ ಎಂದು ಬರೆಯುತ್ತಾನೆ. ಆಮೇಲೆ ಮುದ್ರೆ ಒಡೆದು ಡಾಕ್ಟರರ ಕಾಗದ ಓದುತ್ತಾನೆ. ಓಡಲಾರ ಎಂಬ ಕಾಗದವನ್ನು ಓಡಿಕೊಂಡು ತಂದುಕೊಟ್ಟವನಿಗೆ ಯಾವ ಸರ್ಕಾರ ವಜೀಫಾ ಕೊಡುತ್ತದೆ? ತಾನೇ ಒಯ್ದರೆ ತಡವಾಗುತ್ತದೆ, ಮೂರನೆಯ ತಡ. ಮುನ್ಶಿ ಹಳೆಯ ಚಾಳಿಯಂತೆ ‘ಸೋಮಾರಿತನ’ ಬರೆದರೆ ಲಕೋಟೆ ಒಡೆಯುವ ಹೊತ್ತಿಗೆ ತಾನು ನೌಕರನೇ ಅಲ್ಲ.

“ಅಲ್ಲೋ ಓಬಳೆಪ್ಪ, ಆ ಪುಸ್ತಕದಾಗ ಮುನ್ಶಿ ಏನೇನು ಬರೀತಾನ, ಯಾವುದರ ಮ್ಯಾಲ ಯಾವುದು?”

“ನಂಗೇನು ಗೊತ್ತು? ನನಗ ಓದಾಕ ಬರ್ತೈತೇನು?”

ಮದಾರಸಾಬನಿಗೂ ಬರುತ್ತಿರಲಿಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷ ಮೇಜಿನ ಈ ಕಡೆ ನಿಂತು ಮುನ್ಶಿಗಳ ಕೈ ನೋಡಿದ್ದ. ಚೀಲ ಬಂದ ಹೊತ್ತು ಮೊದಲು. ಆಮೇಲೆ ಮುದ್ರೆ ಒಡೆದು ಕಾಗದ ಎಣಿಸುವುದು. ತಡದ ಕಾರಣ ಎಲ್ಲಕ್ಕಿಂತ ಕೊನೆಗೆ, ಬಲಗಡೆಯ ಅಂಚಿನಲ್ಲಿ.

ಅವನು ಕೋಲು ಹಿಂದಕ್ಕೆ ಎಳೆದುಕೊಂಡು ಎದ್ದ. ನಡೆದ. ಗೆಜ್ಜೆ ಒಮ್ಮೆ ಗಲ್ ಎಂದು, ತುಸು ಹೊತ್ತು ಬಿಟ್ಟು ಮತ್ತೆ ಗಲ್ ಎನ್ನುತ್ತಿತ್ತು. ಹೊಲದಲ್ಲಿದ್ದ ಹೆಂಗಸರು ತಲೆ ಎತ್ತಿ ನೋಡಿದರು. ಹರಕಾರ ನಡೆಯುವುದನ್ನು ಅವರು ಕಂಡಿರಲಿಲ್ಲ. ದಿನ್ನೆಯ ಮೇಲೆ ಕುಳಿತು ಒಂದು ಬೀಡಿಯನ್ನೂ ಸೇದಿದ.

ಎರಡು ಗಂಟೆ ತಡ. ಫಕ್ರುದ್ದೀನ ಗಡಿಯಾರ ತೋರಿಸಿದ. ಹೊತ್ತು ಬರೆದ. ಸಂತೋಷದಿಂದ ಬಲ ಅಂಚಿಗೆ ಕೈ ಒಯ್ದ.

“ಮುನ್ಶೀಜಿ, ಮೊದಲು ಮುದ್ರೆ ಒಡೀರಿ. ಕಾಯ್ದೆ ಹಂಗೈತ್ರಿ.”

“ನನಗ ಕಾಯ್ದೆ ಕಲಸ್ತೀಯೇನಲೇ?”

“ಇಲ್ರಿ. ನೀವ ಕಲಸೀರಿ.”

ಫಕ್ರುದ್ದೀನನಿಗೆ ಕಾಯ್ದೆ ಎಂದರೆ ಭಯ. ಮುದ್ರೆ ಒಡೆದ. ಲಕೋಟೆ ಅವನ ಹೆಸರಿಗೇ ಇತ್ತು. ತೋಳು ಚಾಚಿ ಓದಿದ. ಡಾಕ್ಟರರ ಕೈಬರಹ ಸಣ್ಣದು. ತೋಳು ಸಾಲದೆ ಕಿಟಕಿಯವರೆಗೆ ಹಿಂದೆ ಸರಿದ. ಓದಿ ಮುಗಿಸಿ ಮದಾರಸಾಬನ ಕುಂಬಳಕಾಯಿಯನ್ನು ನೋಡಿದ, ಮತ್ತೆ ಕಾಗದವನ್ನು ನೋಡಿದ. ಸರ್ಕಾರಿ ಡಾಕ್ಟರ್ ಓಡಲಾರ ಎಂದು ಬರೆದವನನ್ನು ಸೋಮಾರಿ ಎಂದು ಬರೆದರೆ ನಾಳೆ ಯಾರು ಉತ್ತರ ಕೊಡಬೇಕು? ಹಲ್ಲು ಕಚ್ಚಿ ಬಲ ಅಂಚಿನಲ್ಲಿ ಬರೆದ. ಬರೆದದ್ದನ್ನು ಜೋರಾಗಿ ಓದಿ ಹೇಳಿರಿ ಎಂದು ಮದಾರಸಾಬ ಕೇಳಿದ.

“ಮುಪ್ಪು,” ಎಂದ ಫಕ್ರುದ್ದೀನ. “ಕೇಳಿಸ್ತೇನು? ಮುಪ್ಪು!”

“ಕೇಳಿಸ್ತ್ರಿ. ಹಂಗಾದ್ರ ನಾಳಿಂದ ಬರೂದು ಬ್ಯಾಡಲ್ರಿ?”

“ಎಲ್ಲಿ ಹೊಂಟೀ? ಮ್ಯಾಲಿನ ಕಚೇರಿ ಹುಕುಂ ಬರಬೇಕು. ಅಲ್ಲೀತನ ನಿನಗ ನಲವತ್ತೇಳ.”

ಹೀಗೆ ಮದಾರಸಾಬನ ನೌಕರಿ ಇನ್ನೂ ನಾಲ್ಕು ತಿಂಗಳು ನಡೆಯಿತು. ಓಡಲಿಲ್ಲ, ಅಕ್ಷರಶಃ ನಡೆಯಿತು. ಕಾಗದ ಮಂಜೂರಾಗುವವರೆಗೆ ತೆಗೆಯುವಂತಿಲ್ಲ, ಕಾರಣ ‘ಮುಪ್ಪು’ ಇರುವುದರಿಂದ ದಂಡಿಸುವಂತಿಲ್ಲ. ದಿನಾ ಎರಡು ಗಂಟೆ ತಡ, ದಿನಾ ಅದೇ ಕಾರಣ. ಕುಷ್ಟಗಿಯ ವಕೀಲರಿಗೆ ಕೋರ್ಟಿನ ಪೇಶಿಯ ನೋಟೀಸುಗಳು ಪೇಶಿ ಮುಗಿದ ಮೇಲೆ ಸಿಕ್ಕವು. ಯಲಬುರ್ಗಾ ಕಡೆಯ ಒಬ್ಬ ಬೀಗ ಮದುವೆಯ ಕಾಗದವನ್ನೂ ಕೂಸಿನ ತೊಟ್ಟಿಲಿನ ಕಾಗದವನ್ನೂ ಒಂದೇ ದಿನ ಓದಿದ ಎಂದು ಓಬಳೆಪ್ಪ ಹೇಳುತ್ತಿದ್ದ, ಅದು ಸುಳ್ಳು. ಎಲ್ಲರೂ ಟಪ್ಪಾಲಿನವರ ಮೇಲೆ ಅರ್ಜಿ ಬರೆದರು. ಆ ಅರ್ಜಿಗಳೂ ತಡವಾಗಿಯೇ ಹೋದವು.

ಹುಕುಂ ಬಂದದ್ದು ಒಂದು ಮಂಗಳವಾರ, ಎರಡೂಕಾಲು ಗಂಟೆ ತಡವಾಗಿ. ತಂದವನು ಅವನೇ. ಫಕ್ರುದ್ದೀನ ಕಿಟಕಿಯ ಹತ್ತಿರ ನಿಂತು ಓದಿದ: ಡಾಕ್ಟರರ ಕಾಗದದ ತಾರೀಖಿನಿಂದಲೇ ಮದಾರಸಾಬನನ್ನು ನೌಕರಿಯಿಂದ ಬಿಡಿಸಿ ವಜೀಫಾ ಮಂಜೂರು ಮಾಡಿದೆ.

“ಆ ತಾರೀಖಿನಿಂದ? ಹಂಗಾದ್ರ ಈ ನಾಲ್ಕು ತಿಂಗಳು ನಾ ಯಾರ್ರೀ?”

ಮುನ್ಶಿ ಪುಸ್ತಕ ತಿರುವಿದ. ನಾಲ್ಕು ತಿಂಗಳು, ಪ್ರತಿ ಸಾಲಿನ ಬಲ ಅಂಚಿನಲ್ಲೂ ತನ್ನ ಕೈಯಲ್ಲೇ ಬರೆದ ‘ಮುಪ್ಪು’. ಪುಸ್ತಕ ಮುಚ್ಚಿ, “ಚೀಲಾ ಇಟ್ಟು ಹೋಗಲೇ,” ಎಂದ.

ಮದಾರಸಾಬ ಚೀಲ ಇಟ್ಟ, ಕೋಲು ಇಟ್ಟ. ಮೆಟ್ಟಿಲ ಮೇಲೆ ಕುಳಿತು ಮೊಣಕಾಲನ್ನು ಎರಡೂ ಕೈಯಿಂದ ಒತ್ತಿಕೊಂಡ. ಮನೆ ಏಳು ಮೈಲಿ ದೂರ ಇತ್ತು. ಇರಕಲ್ಲಗಡದ ಕಡೆ ಹೋಗುವ ಖಾಲಿ ಗಾಡಿಯೊಂದು ಬರುವುದನ್ನು ಕಂಡು, ಹುಟ್ಟಿದಾಗಿನಿಂದ ಮೊದಲ ಸಲ ಆ ದಾರಿಯಲ್ಲಿ ಗಾಡಿಗೆ ಕೈ ಅಡ್ಡ ಹಿಡಿದ.

“ಹತ್ತಪಾ ಮುದುಕಾ,” ಎಂದ ಗಾಡಿಯವನು.